ಸಿಗರೇಟಿನ ಬೆಲೆಯೂ ಸೀಸೆಯ ಲೆಕ್ಕವೂ

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ ತಿಂಗಳ ಈ ವೇದಿಕೆಯ ಮೇಲೆ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಅದಕ್ಕೆ ನಮಗಿಲ್ಲಿ ಕಾರಣಗಳೂ ಬೇಕಾದಷ್ಟಿವೆ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಕವಿರಾಜಮಾರ್ಗವು ಸಾರುತ್ತದೆ. ಆ ಗೋದಾವರಿ ಹುಟ್ಟುವುದು ನಾಸಿಕದ ಪಕ್ಕದ ತ್ರ್ಯಂಬಕದಲ್ಲಿ. ಛತ್ರಪತಿ ಸಂಭಾಜಿನಗರದ ಬಳಿಯ ಎಲ್ಲೋರದ ಕೈಲಾಸ ದೇವಾಲಯವು ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಅದೇ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನ ತಾಲ್ಲೂಕೇ ಉಂಟು. ಇವೆಲ್ಲವನ್ನೂ ಬಲ್ಲವರು ಬಲ್ಲಂತೆ ಹೇಳಿದ್ದಾರೆ, ಮುಂದೆಯೂ ಹೇಳುವರು. ನಾವು ಇಂದು ಆರಿಸಿಕೊಂಡಿರುವುದು ಶಿಲೆಯ ವಿಷಯವಲ್ಲ, ಜೇಬಿನ ವಿಷಯ.

ಪ್ರಶ್ನೆ ಇದು: ಸಿಗರೇಟಿನ ಬೆಲೆ ಏರಿದರೆ ಕುಡಿತ ಹೆಚ್ಚುತ್ತದೆಯೋ, ಕಡಮೆಯಾಗುತ್ತದೆಯೋ?

ಇದು ಹುಡುಗಾಟದ ಪ್ರಶ್ನೆಯಂತೆ ತೋರಬಹುದು. ಆದರೆ ನಮ್ಮ ಜನರ ಬದುಕಿನೊಂದಿಗೆ ಇದು ಎಷ್ಟು ಕಡೆ ಹೆಣೆದುಕೊಂಡಿದೆ ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿರಿ. ಹುಣಸೂರು, ಪಿರಿಯಾಪಟ್ಟಣಗಳ ರೈತರು ಸಿಗರೇಟಿನ ತಂಬಾಕನ್ನು ಬೆಳೆಯುತ್ತಾರೆ. ನಿಪ್ಪಾಣಿಯ ಕಡೆ ಬೆಳೆಯುವುದು ಬೀಡಿಯ ತಂಬಾಕು. ಮಂಗಳೂರಿನ ಕಡೆ ಸಾವಿರಾರು ತಾಯಂದಿರು ಮನೆಯ ಜಗಲಿಯ ಮೇಲೆ ಕುಳಿತು ಬೀಡಿ ಕಟ್ಟುತ್ತಾರೆ; ಇಲ್ಲಿ ನಾಸಿಕದ ಪಕ್ಕದ ಸಿನ್ನರದಲ್ಲಿಯೂ ಅದೇ ಕಸುಬು ಉಂಟು. ಉಡುಪಿ, ದಕ್ಷಿಣ ಕನ್ನಡಗಳಿಂದ ಬಂದು ಮಹಾರಾಷ್ಟ್ರದ ಊರೂರುಗಳಲ್ಲಿ ಹೋಟೆಲು, ಪರ್ಮಿಟ್ ರೂಮು ನಡೆಸುವ ನಮ್ಮವರಿಗೆ ಮದ್ಯದ ಸುಂಕವೆಂದರೆ ಅನ್ನದ ಪ್ರಶ್ನೆ. ಸಾತಪೂರು, ಅಂಬಡ, ವಾಳುಂಜ, ಚಿಕಲಠಾಣೆಗಳ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವ ನಮ್ಮ ತರುಣರು ಕಾರ್ಖಾನೆಯ ಬಾಗಿಲು ದಾಟಿದೊಡನೆ ಎದುರಾಗುವುದು ಪಾನ್ ಟಪರಿ, ಅದರ ಮಗ್ಗುಲಿಗೆ ದಾರೂ ಅಂಗಡಿ. ಬೆಳೆಯುವವರೂ ನಮ್ಮವರೆ, ಕಟ್ಟುವವರೂ ನಮ್ಮವರೆ, ಮಾರುವವರೂ ನಮ್ಮವರೆ, ಕೊಳ್ಳುವವರೂ ನಮ್ಮವರೆ. ತಿಂಗಳ ಕೊನೆಗೆ ಲೆಕ್ಕ ಕೂಡಿಸಲಾಗದೆ ಕೂಡುವ ಗೃಹಿಣಿಯೂ ನಮ್ಮವಳೆ. ಆದುದರಿಂದ ಈ ಪ್ರಶ್ನೆಯನ್ನು ನೀತಿಬೋಧೆಯಾಗಿ ಅಲ್ಲ, ಲೆಕ್ಕವಾಗಿ ನೋಡಬೇಕೆಂಬುದು ನಮ್ಮ ಬಯಕೆ.

ಈ ಬಗೆಯ ಲೆಕ್ಕವನ್ನು ಮಾಡುವ ವಿದ್ಯೆಗೆ ಅರ್ಥಮಿತಿ ಶಾಸ್ತ್ರವೆಂದು ಹೆಸರು. ಅರ್ಥಶಾಸ್ತ್ರದ ಮಾತನ್ನು ಸಂಖ್ಯಾಶಾಸ್ತ್ರದ ಅಳತೆಗೋಲಿನಿಂದ ಅಳೆದು, ಮಾತು ನಿಜವೊ ಬರಿಯ ಊಹೆಯೊ ಎಂದು ನೋಡುವುದೇ ಅದರ ಕೆಲಸ. ಹೆಸರು ದೊಡ್ಡದಾದರೂ ಒಳಗಿನ ಮಾತು ಅಂಗಡಿ ನಡೆಸುವ ಯಾರಿಗೂ ಹೊಸದಲ್ಲ. ಚಹಾದ ಪುಡಿ ತುಟ್ಟಿಯಾದರೆ ಚಹಾ ಕಡಮೆಯಾಗುತ್ತದೆ. ಅದರ ಜೊತೆಗೆ ಸಕ್ಕರೆಯ ಮಾರಾಟವೂ ಇಳಿಯುತ್ತದೆ. ಇಂಥ ಜೋಡಿಗೆ ಪೂರಕ ಸರಕುಗಳೆನ್ನುತ್ತಾರೆ. ಚಹಾ ತುಟ್ಟಿಯಾದಾಗ ಕೆಲವರು ಕಾಫಿಯ ಕಡೆ ತಿರುಗಿದರೆ, ಚಹಾ ಕಾಫಿಗಳು ಒಂದಕ್ಕೊಂದು ಬದಲಿ ಸರಕುಗಳು. ಹಾಗಾದರೆ ಸಿಗರೇಟು ಮತ್ತು ಮದ್ಯ ಚಹಾ ಸಕ್ಕರೆಯ ಹಾಗೋ, ಚಹಾ ಕಾಫಿಯ ಹಾಗೋ? ಇಷ್ಟೇ ಪ್ರಶ್ನೆ.

ಇದರ ಅಳತೆಯನ್ನೂ ಹೇಳಿಬಿಡುವೆವು. ಬೆಲೆ ನೂರಕ್ಕೆ 10ರಷ್ಟು ಏರಿದಾಗ ಆ ಸರಕಿನ ಕೊಳ್ಳುವಿಕೆ ನೂರಕ್ಕೆ 2ರಷ್ಟು ಇಳಿದರೆ, ಅದರ ಬೇಡಿಕೆಯ ಸ್ಥಿತಿಸ್ಥಾಪಕತ್ವ ಸೊನ್ನೆ ದಶಾಂಶ ಎರಡು. ಒಂದರ ಬೆಲೆ ಏರಿದಾಗ ಇನ್ನೊಂದರ ಕೊಳ್ಳುವಿಕೆ ಎಷ್ಟು ಅಲುಗಿತೆಂಬುದನ್ನೂ ಹೀಗೆಯೇ ಅಳೆಯಬಹುದು. ಅದು ಅಡ್ಡ ಸ್ಥಿತಿಸ್ಥಾಪಕತ್ವ. ಇಳಿದರೆ ಪೂರಕ, ಏರಿದರೆ ಬದಲಿ.

ಸೇದುವವರಲ್ಲಿ ಕುಡಿಯುವವರು ಹೆಚ್ಚು, ಕುಡಿಯುವವರಲ್ಲಿ ಸೇದುವವರು ಹೆಚ್ಚು ಎಂಬುದು ಎಲ್ಲರೂ ಕಂಡ ಸಂಗತಿ. ಹಾಗಾದರೆ ಅವು ಪೂರಕವೆಂದು ಒಡನೆಯೇ ತೀರ್ಮಾನಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿಯೇ ಎಚ್ಚರ ಬೇಕು. ಒಬ್ಬನೇ ಮನುಷ್ಯ ಎರಡನ್ನೂ ಮಾಡುವುದಕ್ಕೆ ಮೂರನೆಯದೊಂದು ಕಾರಣವಿರಬಹುದು: ರಾತ್ರಿ ಪಾಳಿಯ ದಣಿವು, ಊರಿನಿಂದ ದೂರವಾದ ಒಂಟಿತನ, ಬಾಡಿಗೆ ಕೋಣೆಯ ಜೊತೆಗಾರರು. ಆ ಕಾರಣ ಹಾಗೆಯೇ ಉಳಿದಿರುವಾಗ ಒಂದು ಚಟದ ಬಾಗಿಲು ಮುಚ್ಚಿದರೆ ಮನಸ್ಸು ಇನ್ನೊಂದರ ಬಾಗಿಲು ತಟ್ಟಲೂಬಹುದು. ಆದುದರಿಂದ ಎರಡೂ ಒಟ್ಟಿಗೆ ಕಾಣುತ್ತವೆ ಎಂಬುದಷ್ಟೇ ಸಾಲದು. ಮನುಷ್ಯನ ಮನಸ್ಸಿಗೆ ಹೊರಗಿನದಾದ ಒಂದು ತಳ್ಳು ಬೇಕು. ಸರ್ಕಾರ ತೆರಿಗೆ ಏರಿಸಿದಾಗ ಬೆಲೆ ಏರುವುದು ಅಂಥ ತಳ್ಳು. ಆ ತಳ್ಳಿಗೆ ಎರಡನೆಯ ಸರಕು ಯಾವ ದಿಕ್ಕಿಗೆ ಅಲುಗಿತು ಎಂಬುದನ್ನು ಶಾಸ್ತ್ರಜ್ಞರು ನೋಡುತ್ತಾರೆ.

ಹೊರದೇಶಗಳಲ್ಲಿ ಹೀಗೆ ನೋಡಿದವರು ಏನು ಕಂಡರು? ಅಮೆರಿಕದಲ್ಲಿ 1995ರಲ್ಲಿ ರಾಜೀವ ಗೋಯೆಲ್ ಮತ್ತು ಮ್ಯಾಥ್ಯೂ ಮೋರೆ ಎಂಬ ವಿದ್ವಾಂಸರು ರಾಜ್ಯರಾಜ್ಯಗಳ ಮಾರಾಟದ ಅಂಕಿಗಳನ್ನು ಪರಿಶೀಲಿಸಿ, ಇವೆರಡೂ ಬದಲಿ ಸರಕುಗಳೆಂದರು. 2000ದಲ್ಲಿ ಸಾಂಡ್ರಾ ಡೆಕರ್ ಮತ್ತು ಆಮಿ ಎಲೆನ್ ಶ್ವಾರ್ಟ್ಸ್ ಎಂಬಿಬ್ಬರು ಒಟ್ಟು ಮಾರಾಟವನ್ನು ಬಿಟ್ಟು, ಒಬ್ಬೊಬ್ಬ ವ್ಯಕ್ತಿಯನ್ನು ಕೇಳಿ ಪಡೆದ ಮಾಹಿತಿಯನ್ನು ನೋಡಿದರು. ಅವರಿಗೆ ಕಂಡದ್ದು ಒಂದು ವಿಚಿತ್ರ: ಮದ್ಯದ ಬೆಲೆ ಏರಿದಾಗ ಕುಡಿತವೂ ಇಳಿಯಿತು, ಸೇದುವಿಕೆಯೂ ಇಳಿಯಿತು, ಸಿಗರೇಟಿನ ಬೆಲೆ ಏರಿದಾಗ ಸೇದುವಿಕೆ ಇಳಿಯಿತು, ಆದರೆ ಕುಡಿತ ಏರುವ ಕಡೆಗೆ ವಾಲಿತು. ಎಂದರೆ ಈ ದಾರಿ ಹೋಗುವಾಗ ಒಂದು ಬಗೆ, ಬರುವಾಗ ಇನ್ನೊಂದು ಬಗೆ. ಸ್ವೀಡನ್ ದೇಶದ ಅಂಕಿಗಳನ್ನು ಹಿಡಿದ ಬಾಸ್ಕ್ ಮತ್ತು ಮೆಲ್ಕರ್ಸನ್ ಎಂಬವರು 2004ರಲ್ಲಿ ಇವು ಪೂರಕಗಳೆಂದು ಬರೆದರು. 2014ರಲ್ಲಿ ಮೆಲಿಸ್ಸಾ ಕ್ರಾಸ್ ಮತ್ತು ಸಂಗಡಿಗರು ಅಮೆರಿಕದ ಸುಮಾರು ಮೂವತ್ತು ವರ್ಷಗಳ ಅಂಕಿಗಳನ್ನು ನೋಡಿ, ಸಿಗರೇಟಿನ ತೆರಿಗೆ ಏರಿದ ರಾಜ್ಯಗಳಲ್ಲಿ ಬಿಯರು ಮತ್ತು ಗಟ್ಟಿ ಮದ್ಯದ ಬಳಕೆ ತಗ್ಗಿತು, ದ್ರಾಕ್ಷಾರಸ ಮಾತ್ರ ತಗ್ಗಲಿಲ್ಲ ಎಂದು ಕಂಡರು. ದ್ರಾಕ್ಷಿಯ ಊರಾದ ನಾಸಿಕದವರು ಈ ಕೊನೆಯ ಮಾತನ್ನು ನೆನಪಿನಲ್ಲಿಡಬಹುದು: ವೈನು ಕುಡಿಯುವವರ ಗುಂಪೇ ಬೇರೆ, ಅವರಲ್ಲಿ ಸಿಗರೇಟಿನ ಜೋಡಿ ಅಷ್ಟು ಬಿಗಿಯಾಗಿರಲಾರದು.

ವಿದ್ವಾಂಸರಲ್ಲಿ ಒಬ್ಬರು ಹೌದೆಂದದ್ದನ್ನು ಇನ್ನೊಬ್ಬರು ಅಲ್ಲವೆಂದರೆ ಶಾಸ್ತ್ರವೇ ಸುಳ್ಳೆಂದು ತಿಳಿಯಬಾರದು. ರಾಜ್ಯದ ಒಟ್ಟು ಮಾರಾಟವನ್ನು ನೋಡುವವನಿಗೆ, ಗಡಿ ದಾಟಿ ಬಂದು ಅಗ್ಗದ ಸೀಸೆ ಕೊಂಡುಹೋಗುವ ಪಕ್ಕದ ರಾಜ್ಯದವನೂ ಕುಡುಕನ ಲೆಕ್ಕಕ್ಕೆ ಸೇರಿಬಿಡುತ್ತಾನೆ. ವ್ಯಕ್ತಿಯನ್ನು ಕೇಳುವವನಿಗೆ ಆ ತೊಡಕಿಲ್ಲ, ಆದರೆ ವ್ಯಕ್ತಿ ನಿಜ ಹೇಳಬೇಕಷ್ಟೆ. ಅಲ್ಲದೆ ಬೆಲೆಯ ಪ್ರಭಾವ ಒಂದೇ ದಾರಿಯಲ್ಲಿ ಬರುವುದಿಲ್ಲ. ಮೊದಲನೆಯದು ಜೇಬಿನ ದಾರಿ: ಸಿಗರೇಟಿಗೆ ಹೆಚ್ಚು ಹಣ ಹೋದರೆ ಸೀಸೆಗೆ ಉಳಿಯುವುದು ಕಡಮೆ. ಎರಡನೆಯದು ಜೋಡಿಯ ದಾರಿ: ಲೋಟ ಕೈಗೆ ಬಂದೊಡನೆ ಬೆರಳು ಸಿಗರೇಟನ್ನು ಹುಡುಕುತ್ತದೆ, ಒಂದು ತಪ್ಪಿದರೆ ಇನ್ನೊಂದರ ರುಚಿಯೂ ಕೆಡುತ್ತದೆ. ಮೂರನೆಯದು ಬದಲಿಯ ದಾರಿ: ಇದಿಲ್ಲದಿದ್ದರೆ ಅದಾದರೂ ಇರಲಿ ಎಂಬ ಮನಸ್ಸು. ಮೊದಲಿನ ಎರಡು ಕುಡಿತವನ್ನು ಇಳಿಸುತ್ತವೆ, ಮೂರನೆಯದು ಏರಿಸುತ್ತದೆ. ಯಾವುದು ಗೆಲ್ಲುವುದೆಂಬುದು ಆಯಾ ದೇಶ, ಆಯಾ ಜನ, ಆಯಾ ಚಟದ ಬಲದ ಮೇಲೆ ನಿಂತಿದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಮನೆಮನೆಯ ಖರ್ಚನ್ನು ಕೇಳಿ ಬರೆದುಕೊಳ್ಳುವ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ಮಹಲನೋಬಿಸರು 1950ರಲ್ಲಿ ಆರಂಭಿಸಿದರು. ಅದರ ಪುಸ್ತಕಗಳಲ್ಲಿ ಒಂದು ತೊಡಕು. ಪ್ರತಿ ಮನೆಯವರು ಎಷ್ಟು ಕೊಂಡರು, ಎಷ್ಟು ಹಣ ಕೊಟ್ಟರು ಎಂದು ಬರೆದಿರುತ್ತದೆಯೇ ಹೊರತು, ಅಂಗಡಿಯ ಬೆಲೆ ಎಷ್ಟಿತ್ತೆಂದು ಬರೆದಿರುವುದಿಲ್ಲ. ಹಣವನ್ನು ತೂಕದಿಂದ ಭಾಗಿಸಿದರೆ ಬರುವುದು ಬೆಲೆಯಂತೆ ಕಂಡರೂ ಪೂರ್ಣ ಬೆಲೆಯಲ್ಲ. ಉಳ್ಳವನು ಒಳ್ಳೆಯ ಅಕ್ಕಿ ಕೊಂಡಿರುತ್ತಾನೆ, ಇಲ್ಲದವನು ನುಚ್ಚು ಕೊಂಡಿರುತ್ತಾನೆ. ಇದನ್ನು ಬಿಡಿಸುವ ಉಪಾಯವನ್ನು ಕಂಡವರು ಆಂಗಸ್ ಡೀಟನ್. ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು 2015ರಲ್ಲಿ ಪಡೆದವರು. ಅವರ ಯುಕ್ತಿ ಸರಳವಾದದ್ದು: ಒಂದೇ ಹಳ್ಳಿಯಲ್ಲಿ, ಒಂದೇ ವಾರದಲ್ಲಿ ಕೊಂಡ ಮನೆಗಳೆಲ್ಲ ಒಂದೇ ಸಂತೆಯ ಬೆಲೆಯನ್ನು ಎದುರಿಸಿರುತ್ತವೆ. ಆದುದರಿಂದ ಹಳ್ಳಿಯೊಳಗಿನ ವ್ಯತ್ಯಾಸ ಗುಣಮಟ್ಟದ್ದು, ಹಳ್ಳಿ ಹಳ್ಳಿಗಳ ನಡುವಿನ ವ್ಯತ್ಯಾಸದಲ್ಲಿ ಬೆಲೆ ಅಡಗಿದೆ. ಈ ಯುಕ್ತಿಯನ್ನು ಡೀಟನ್ ಅವರು ಕಿರೀಟ ಪಾರೀಖ್ ಮತ್ತು ಶಂಕರ ಸುಬ್ರಮಣಿಯನ್ ಅವರೊಂದಿಗೆ ಕೂಡಿ, ನಾವಿರುವ ಈ ಮಹಾರಾಷ್ಟ್ರದ ಮನೆಗಳ ಆಹಾರದ ಬೇಡಿಕೆಗೇ ಅನ್ವಯಿಸಿ 1994ರಲ್ಲಿ ಪ್ರಕಟಿಸಿದರು. ಇಲ್ಲಿಯ ಜೋಳ, ಅಕ್ಕಿ, ಗೋದಿಗಳ ಲೆಕ್ಕ ಹೀಗೆ ಲೋಕದ ಅರ್ಥಶಾಸ್ತ್ರದ ಪಾಠವಾಯಿತು.

ಇದೇ ದಾರಿಯನ್ನು ಹಿಡಿದು ರಿಜೋ ಜಾನ್ ಎಂಬ ಅರ್ಥಶಾಸ್ತ್ರಜ್ಞರು 1999–2000ದ ಸಮೀಕ್ಷೆಯಿಂದ ತಂಬಾಕಿನ ಲೆಕ್ಕ ತೆಗೆದು 2008ರಲ್ಲಿ ಪ್ರಕಟಿಸಿದರು. ಬೀಡಿಯೂ ಹೊಗೆಸೊಪ್ಪೂ ಬೆಲೆಗೆ ಬಹಳ ಬಾಗುವಂಥವು, ಅವುಗಳ ಸ್ಥಿತಿಸ್ಥಾಪಕತ್ವ ಒಂದರ ಸಮೀಪ. ಎಲ್ಲಕ್ಕಿಂತ ಕಡಮೆ ಬಾಗುವುದು ಸಿಗರೇಟು ಎಂದು ಅವರು ಕಂಡರು. ಅದೇ ವರ್ಷದ ಇನ್ನೊಂದು ಲೇಖನದಲ್ಲಿ ಅವರು ತೋರಿಸಿದ್ದು ಇನ್ನೂ ಮನಮುಟ್ಟುವ ಸಂಗತಿ: ತಂಬಾಕಿಗೆ ಹಣ ಹಾಕುವ ಮನೆಗಳಲ್ಲಿ ಹಾಲು, ಮಕ್ಕಳ ಓದು, ಒಳ್ಳೆಯ ಉರುವಲು ಇವಕ್ಕೆ ಹೋಗುವ ಹಣ ಕುಗ್ಗುತ್ತದೆ.

ಈ ಎರಡು ಮಾತುಗಳನ್ನು ಜೋಡಿಸಿ ನಾವೇ ಒಂದು ಕಲ್ಪಿತ ಲೆಕ್ಕ ಮಾಡೋಣ. ಒಬ್ಬ ತಿಂಗಳಿಗೆ 1500 ರೂಪಾಯಿಯ ಸಿಗರೇಟು ಸೇದುತ್ತಾನೆಂದು ಇಟ್ಟುಕೊಳ್ಳಿರಿ. ಬೆಲೆ ನೂರಕ್ಕೆ 20ರಷ್ಟು ಏರಿತು. ಸ್ಥಿತಿಸ್ಥಾಪಕತ್ವ ಸೊನ್ನೆ ದಶಾಂಶ ಎರಡಾದರೆ ಅವನು ಬಿಡುವುದು ನೂರಕ್ಕೆ ನಾಲ್ಕು ಸಿಗರೇಟು ಮಾತ್ರ. ಈಗ ಅವನ ಖರ್ಚು 1728 ರೂಪಾಯಿ. ಸೇದಿದ್ದು ಕಡಮೆ, ಕೊಟ್ಟದ್ದು 228 ರೂಪಾಯಿ ಹೆಚ್ಚು. ಇನ್ನೊಬ್ಬ 600 ರೂಪಾಯಿಯ ಬೀಡಿ ಸೇದುವವನು. ಅದೇ ಪ್ರಮಾಣದಲ್ಲಿ ಬೆಲೆ ಏರಿದರೆ, ಸ್ಥಿತಿಸ್ಥಾಪಕತ್ವ ಸೊನ್ನೆ ದಶಾಂಶ ಒಂಬತ್ತರಂತೆ ಅವನು ನೂರಕ್ಕೆ 18 ಬೀಡಿ ಬಿಡುತ್ತಾನೆ. ಅವನ ಖರ್ಚು ಸುಮಾರು 590 ರೂಪಾಯಿ, ಹಿಂದಿನಷ್ಟೇ ಎನ್ನಬಹುದು. ಇವನ ಎದೆಗೂ ಮನೆಗೂ ಲಾಭವೇ. ಆದರೆ ಮೊದಲನೆಯವನ ಆ 228 ರೂಪಾಯಿ ಎಲ್ಲಿಂದ ಬಂತು? ಸೀಸೆಯಿಂದ ಕಡಿದರೆ ಸಿಗರೇಟಿನ ತೆರಿಗೆ ಎರಡು ಹಕ್ಕಿಗಳನ್ನು ಹೊಡೆದಂತಾಯಿತು. ಹಾಲಿನ ಪಾಕೀಟಿನಿಂದ ಕಡಿದರೆ ತೆರಿಗೆಯನ್ನು ಕಟ್ಟಿದವನು ಅವನಲ್ಲ, ಅವನ ಮಗು. ಸಿಗರೇಟು ಮತ್ತು ಮದ್ಯದ ಅಡ್ಡ ಲೆಕ್ಕ ಪಂಡಿತರ ಕಸರತ್ತಲ್ಲ, ಮನೆಯ ಮಾತು ಎಂದು ನಾವು ಹೇಳುವುದು ಇದಕ್ಕಾಗಿ.

ಹಾಗಾದರೆ ಭಾರತದಲ್ಲಿ ಆ ಅಡ್ಡ ಲೆಕ್ಕವನ್ನು ಮಾಡುವುದು ಸುಲಭವೆ? ಸುಲಭವಲ್ಲ, ಕಾರಣ ನಮ್ಮ ತೆರಿಗೆಯ ಕಟ್ಟಿನಲ್ಲಿಯೇ ಇದೆ. ಸಿಗರೇಟಿನ ಬೆಲೆ ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ತೆರಿಗೆಯ ದರ ದೇಶಕ್ಕೆಲ್ಲ ಒಂದೇ. ನಾಸಿಕದ ಟಪರಿಯಲ್ಲಿಯೂ ಧಾರವಾಡದ ಪಾನಿನ ಅಂಗಡಿಯಲ್ಲಿಯೂ ತೆರಿಗೆಯ ಭಾರ ಒಂದೇ ಆದಾಗ, ಹಳ್ಳಿ ಹಳ್ಳಿಗಳ ಬೆಲೆಯನ್ನು ಹೋಲಿಸುವ ಡೀಟನ್ ಯುಕ್ತಿಗೆ ಹಿಡಿಯಲು ಎಳೆಯೇ ಸಿಗುವುದಿಲ್ಲ. ಬೀಡಿಗೆ, ಹೊಗೆಸೊಪ್ಪಿಗೆ ಸಿಗುತ್ತದೆ, ಸಿಗರೇಟಿಗೆ ಕಷ್ಟ. ಉಳಿಯುವುದು ಕಾಲದ ಹೋಲಿಕೆ: ಏರಿಕೆಗೆ ಮೊದಲು, ಏರಿಕೆಯ ಅನಂತರ. 2026ರ ಫೆಬ್ರುವರಿ 1ರಿಂದ ಸಿಗರೇಟಿನ ಮೇಲೆ ನೂರಕ್ಕೆ 40ರ ಜಿ.ಎಸ್.ಟಿ.ಯೂ, ಉದ್ದಕ್ಕೆ ತಕ್ಕಂತೆ ಸಾವಿರಕ್ಕೆ ಇಷ್ಟೆಂಬ ಕೇಂದ್ರ ಅಬಕಾರಿ ಸುಂಕವೂ ಜಾರಿಗೆ ಬಂದವು; ಅದೇ ದಿನ ಬೀಡಿಯ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿಯಿತು. ಆದರೆ ಈ ಬದಲಾವಣೆ ಒಂದೇ ದಿನ ಇಡೀ ದೇಶಕ್ಕೆ ಬಂದುದರಿಂದ, ಏರಿಕೆಯಾಗದ ಒಂದು ಊರನ್ನು ಪಕ್ಕದಲ್ಲಿಟ್ಟು ಹೋಲಿಸುವ ಅವಕಾಶವಿಲ್ಲ. ಹಬ್ಬ, ಮದುವೆಯ ಕಾಲ, ಬೇಸಗೆಯ ಬಿಯರು ಇವೆಲ್ಲ ಕುಡಿತವನ್ನು ಏರಿಳಿಸುವಾಗ ಸಿಗರೇಟಿನ ಪಾಲು ಎಷ್ಟೆಂದು ಬೇರ್ಪಡಿಸುವುದು ಬಹಳ ಎಚ್ಚರದ ಕೆಲಸ.

ಮದ್ಯದ ಮಾತು ಬೇರೆ. ಸಂವಿಧಾನದಂತೆ ಕುಡಿಯುವ ಮದ್ಯದ ಸುಂಕ ರಾಜ್ಯಗಳ ಕೈಯಲ್ಲಿದೆ, ಜಿ.ಎಸ್.ಟಿ.ಗೆ ಅದು ಸೇರಿಲ್ಲ. 1956ರ ನವೆಂಬರ್ 1ರವರೆಗೆ ಮರಾಠವಾಡವೂ ಬೀದರ, ಕಲಬುರಗಿ, ರಾಯಚೂರುಗಳೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದುವು. ಆ ದಿನದಿಂದ ಅಣ್ಣತಮ್ಮಂದಿರ ಹಿಸ್ಸೆಯಾದಂತೆ ಅಬಕಾರಿಯೂ ಬೇರೆಯಾಯಿತು. ಈ ಕಡೆ 1949ರ ಮುಂಬಯಿ ಪಾನನಿಷೇಧ ಕಾಯಿದೆ ಹೆಸರು ಬದಲಿಸಿಕೊಂಡು ಇಂದಿಗೂ ನಡೆಯುತ್ತಿದೆ. ಪರ್ಮಿಟ್ಟು ಎಂಬ ಪದವೇ ಅದರ ಕುರುಹು. ಆ ಕಡೆ ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿಯನ್ನೇ ನಿಲ್ಲಿಸಿತು. ನಾಸಿಕ ಜಿಲ್ಲೆಯ ಸುರಗಾಣಾ, ಪೇಠ ತಾಲ್ಲೂಕುಗಳ ಗಡಿ ದಾಟಿದರೆ ಪಾನನಿಷೇಧದ ಗುಜರಾತು. ಸೊಲ್ಲಾಪುರ ಕಲಬುರಗಿಗಳ ನಡುವೆ, ಕೊಲ್ಹಾಪುರ ಬೆಳಗಾವಿಗಳ ನಡುವೆ ಸಿಗರೇಟಿನ ತೆರಿಗೆ ಒಂದೇ, ಮದ್ಯದ ಸುಂಕ ಎರಡು. ಅರ್ಥಮಿತಿಕಾರನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೆ? ನಮ್ಮ ಗಡಿನಾಡು ಜಗಳಕ್ಕಷ್ಟೇ ಅಲ್ಲ, ಜ್ಞಾನಕ್ಕೂ ನೆಲವಾದೀತು.

2025ರ ಜೂನ್ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರವು ದೇಶದಲ್ಲಿ ತಯಾರಾಗುವ ವಿದೇಶೀ ಬಗೆಯ ಮದ್ಯದ ಸುಂಕವನ್ನು ತಯಾರಿಕೆಯ ವೆಚ್ಚದ 3 ಪಟ್ಟಿನಿಂದ 4.5 ಪಟ್ಟಿಗೆ ಏರಿಸಿತು. ಬಿಯರು, ವೈನುಗಳನ್ನು ಈ ಏರಿಕೆಯಿಂದ ಬಿಟ್ಟಿತು. ಧಾನ್ಯದಿಂದ ತಯಾರಿಸಿದ ಮಹಾರಾಷ್ಟ್ರ ಮೇಡ್ ಲಿಕರ್ ಎಂಬ ಹೊಸ ವರ್ಗವನ್ನೂ ತಂದಿತು. ಬಾರುಗಳ ಮೇಲಿನ ವ್ಯಾಟು 5ರಿಂದ 10ಕ್ಕೆ ಏರಿತ್ತು. ಜುಲೈ 14ರಂದು ರಾಜ್ಯದ ಬಾರುಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದುವು. ಮುಚ್ಚಿದ ಬಾಗಿಲುಗಳ ಹಿಂದೆ ನಮ್ಮ ಕರಾವಳಿಯವರೂ ಅನೇಕರಿದ್ದರು. ಮಹಾರಾಷ್ಟ್ರದಲ್ಲಿ ಸುಂಕ ಏರಿದ ಮುಂದಿನ ತಿಂಗಳುಗಳಲ್ಲಿ ಸೊಲ್ಲಾಪುರದ ಕಡೆ ಸಿಗರೇಟು, ಬೀಡಿ, ತಂಬಾಕಿನ ಖರ್ಚು ಹೇಗೆ ಅಲುಗಿತು, ಅದೇ ಕಾಲದಲ್ಲಿ ಕಲಬುರಗಿಯ ಕಡೆ ಹೇಗಿತ್ತು ಎಂದು ಹೋಲಿಸಿದರೆ, ಮದ್ಯದ ಬೆಲೆ ತಂಬಾಕನ್ನು ಯಾವ ಕಡೆ ತಳ್ಳುತ್ತದೆಂದು ತಿಳಿಯುತ್ತದೆ. ಕರ್ನಾಟಕವೂ ಆಗಾಗ ತನ್ನ ಸುಂಕವನ್ನು ಬದಲಿಸುವುದರಿಂದ ತಾರೀಖುಗಳನ್ನು ಬಹಳ ಎಚ್ಚರದಿಂದ ಹಿಡಿಯಬೇಕು. ಆದರೆ ಇದು ನಮ್ಮ ಪ್ರಶ್ನೆಯ ತಿರುವುಮುರುವು ಎಂಬುದನ್ನು ಮರೆಯಬಾರದು. ಡೆಕರ್ ಮತ್ತು ಶ್ವಾರ್ಟ್ಸ್ ತೋರಿಸಿದಂತೆ, ಮದ್ಯದಿಂದ ಸಿಗರೇಟಿಗೆ ಹೋಗುವ ದಾರಿಯೂ ಸಿಗರೇಟಿನಿಂದ ಮದ್ಯಕ್ಕೆ ಬರುವ ದಾರಿಯೂ ಒಂದೇ ಆಗಬೇಕಾಗಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಬಿಡದೆ ಹೇಳಬೇಕು. 2016–17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ನೂರಕ್ಕೆ 26.6 ಜನ ತಂಬಾಕನ್ನು ಒಂದಲ್ಲ ಒಂದು ರೂಪದಲ್ಲಿ ಬಳಸುತ್ತಿದ್ದರು. ಆದರೆ ಸೇದುವವರು ನೂರಕ್ಕೆ 3.8 ಮಾತ್ರ, ಅಗಿಯುವ, ಉಜ್ಜುವ ತಂಬಾಕಿನವರು 24.4. ಕರ್ನಾಟಕದಲ್ಲಿ ಸೇದುವವರು 8.8, ಹೊಗೆಯಿಲ್ಲದ ತಂಬಾಕಿನವರು 16.3. ನಾವು ಬಿಟ್ಟುಬಂದ ನಾಡಿನಲ್ಲಿ ಹೊಗೆ ಹೆಚ್ಚು, ಬಂದುಸೇರಿದ ನಾಡಿನಲ್ಲಿ ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿದ ತಂಬಾಕು, ಮಾವಾ, ಮಿಶ್ರಿ ಹೆಚ್ಚು. ಗುಟ್ಕಾ ನಿಷೇಧ ಮಹಾರಾಷ್ಟ್ರದಲ್ಲಿ 2012ರಿಂದಲೂ ಕರ್ನಾಟಕದಲ್ಲಿ 2013ರಿಂದಲೂ ಉಂಟು; ಬಾಯಿಗಳು ಅದಕ್ಕೆ ಒಪ್ಪಿವೆಯೆ ಎಂಬುದನ್ನು ರಸ್ತೆಯ ಗೋಡೆಗಳೇ ಹೇಳುತ್ತವೆ. ಆದುದರಿಂದ ಸಿಗರೇಟಿನ ಬೆಲೆ ಏರಿದಾಗ ಇಲ್ಲಿಯ ಬಡ ಕಾರ್ಮಿಕ ಮೊದಲು ಹೋಗುವುದು ದಾರೂ ಅಂಗಡಿಗಲ್ಲ, ಬೀಡಿಗೆ ಅಥವಾ ತಂಬಾಕಿನ ಪುಡಿಗೆ ಇರಬಹುದು. ಸಿಗರೇಟಿಗೆ ಸುಂಕ ಏರಿಸಿ, ಬೀಡಿಗೆ ಇಳಿಸಿದರೆ ಆ ದಾರಿಯನ್ನು ಸರ್ಕಾರವೇ ಗುಡಿಸಿ ಕೊಟ್ಟಂತೆ. ಬೀಡಿ ಕಟ್ಟುವ ತಾಯಂದಿರ ಅನ್ನದ ಮಾತನ್ನು ನಾವು ಬಲ್ಲೆವು. 1981ರಲ್ಲಿ ಶರದ ಜೋಶಿಯವರ ಮುಂದಾಳುತನದಲ್ಲಿ ನಿಪ್ಪಾಣಿಯ ತಂಬಾಕು ರೈತರು ಹೆದ್ದಾರಿಯ ಮೇಲೆ ಕುಳಿತದ್ದೂ, ಅಲ್ಲಿ ಗೋಲೀಬಾರು ನಡೆದು ಪ್ರಾಣಗಳು ಹೋದದ್ದೂ ನಮ್ಮ ಗಡಿಯ ಇತಿಹಾಸ. ಆದರೆ ಅವರಿಗೆ ಬೇರೆ ಕಸುಬು ಕೊಡುವುದು ಒಂದು ಕರ್ತವ್ಯ. ಅವರ ಹೆಸರಿನಲ್ಲಿ ಬೀಡಿಯನ್ನು ಅಗ್ಗವಾಗಿಡುವುದು ಬೇರೆಯೇ ಮಾತು.

ಮನೆಯ ಖರ್ಚಿನ ಸಮೀಕ್ಷೆ ಪಾನು, ತಂಬಾಕು, ಮಾದಕ ಪದಾರ್ಥಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿ ತೋರಿಸುತ್ತದೆ. 2011–12ರಲ್ಲಿ ಈ ಸಾಲಿಗೆ ಹಳ್ಳಿಯ ಮನೆ ತನ್ನ ಖರ್ಚಿನ ನೂರಕ್ಕೆ 3.21, ಪಟ್ಟಣದ ಮನೆ 1.61 ಹಾಕುತ್ತಿತ್ತು. 2022–23ಕ್ಕೆ ಅದು 3.79 ಮತ್ತು 2.43 ಆಯಿತು. ಪಟ್ಟಣದಲ್ಲಿ ಏರಿಕೆ ಎಷ್ಟು ಕಡಿದಾದುದೆಂಬುದನ್ನು ಗಮನಿಸಿರಿ. ನಾವೆಲ್ಲ ಪಟ್ಟಣ ಸೇರಿದವರು. ಇದೂ ಕೂಡ ಒಪ್ಪಿಕೊಂಡ ಲೆಕ್ಕ. ಸಮೀಕ್ಷೆಯವನು ಬಾಗಿಲಿಗೆ ಬಂದಾಗ ಉತ್ತರ ಕೊಡುವವಳು ಹೆಚ್ಚಾಗಿ ಗೃಹಿಣಿ. ಗಂಡನು ಪಾಳಿ ಮುಗಿಸಿ ಹೊರಗೆ ಎಷ್ಟು ಕುಡಿದನೆಂಬುದು ಅವಳಿಗೆ ತಿಳಿದಿರಲಿಕ್ಕಿಲ್ಲ. ತಿಳಿದರೂ ಪರರ ಮುಂದೆ ಹೇಳಲಾರಳು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ಗಂಡಸರಲ್ಲಿ ಮದ್ಯ ಸೇವಿಸುವೆವೆಂದವರು ನೂರಕ್ಕೆ ಸುಮಾರು 14, ಕರ್ನಾಟಕದಲ್ಲಿ ಸುಮಾರು 16.5. ಸಂಕೋಚದ ಪರದೆಯ ಹಿಂದೆ ನಿಜ ಇನ್ನಷ್ಟಿರಬಹುದೆಂದು ಊಹಿಸುವುದು ತಪ್ಪಾಗಲಾರದು.

ಬೆಲೆಯಿಂದಲೇ ಎಲ್ಲವೂ ಸರಿಹೋಗುತ್ತದೆಂದು ನಾವು ಹೇಳುವುದಿಲ್ಲ. ಬೆಲೆ ಕೈಮೀರಿದಾಗ ಬಡವನಿಗೆ ಹಾತಭಟ್ಟಿಯ ವಿಷ ಕಾದಿರುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2015ರಲ್ಲಿ ಮುಂಬಯಿಯ ಮಾಲವಣಿಯಲ್ಲಿ ನೂರರಷ್ಟು ಮಂದಿ ಸತ್ತರು. ಸುಂಕದ ಜೊತೆಗೆ ಕಾವಲೂ ಬೇಕು, ಚಿಕಿತ್ಸೆಯೂ ಬೇಕು.

ಇಷ್ಟೆಲ್ಲ ಹೇಳಿ ನಾವು ತೆಗೆಯುವ ಸಾರವೇನು? ಮೊದಲನೆಯದು, ಸಿಗರೇಟು ತುಟ್ಟಿಯಾದರೆ ಕುಡಿತ ಏರೀತೆಂಬ ಭಯದಿಂದ ಸಿಗರೇಟಿನ ಸುಂಕವನ್ನು ವಿರೋಧಿಸುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಹೊರದೇಶದ ಸಾಕ್ಷ್ಯ ಎರಡೂ ಕಡೆ ಇದೆ. ಆದರೆ ಮದ್ಯ ತುಟ್ಟಿಯಾದಾಗ ಎರಡೂ ಇಳಿದದ್ದನ್ನು ನೆನೆದರೆ, ಕೇಂದ್ರವೂ ರಾಜ್ಯವೂ ಒಂದರ ಕೈ ಇನ್ನೊಂದಕ್ಕೆ ಗೊತ್ತಿಲ್ಲದಂತೆ ಸುಂಕ ಹಾಕುವುದಕ್ಕಿಂತ ಎರಡನ್ನೂ ಒಟ್ಟಿಗೆ ಯೋಚಿಸಿ ಏರಿಸುವುದು ಮೇಲು. ಎರಡನೆಯದು, ಬೀಡಿ ಮತ್ತು ಅಗಿಯುವ ತಂಬಾಕನ್ನು ಬಿಟ್ಟು ಸಿಗರೇಟೊಂದನ್ನೇ ಹಿಡಿದರೆ, ಈ ಮಹಾರಾಷ್ಟ್ರದಲ್ಲಿ ಕೊಡದ ಬಾಯಿಗೆ ಒಂದು ತೂತು ಮುಚ್ಚಿ ತಳವನ್ನು ತೆರೆದಿಟ್ಟಂತೆ. ಮೂರನೆಯದು, ಹೋಟೆಲು ನಡೆಸುವ ನಮ್ಮ ಬಂಧುಗಳನ್ನು ಹಗೆಗಳಂತೆ ಕಾಣಬಾರದು. ಅನ್ನದ ತಟ್ಟೆಯಿಂದಲೇ ಈ ಊರುಗಳಲ್ಲಿ ಹೆಸರು ಗಳಿಸಿದವರು ಅವರು. ಸೀಸೆಯ ಮೇಲಿನ ಅವಲಂಬನೆ ತಗ್ಗಿದಷ್ಟೂ ಸುಂಕದ ಗಾಳಿ ಅವರನ್ನು ಅಲುಗಿಸುವುದು ಕಡಮೆ.

ನಾಲ್ಕನೆಯದು ನಮ್ಮ ಕೈಯಲ್ಲಿಯೇ ಇರುವಂಥದು. ಪ್ರತಿ ಮನೆಯಲ್ಲಿಯೂ ಒಂದು ಖರ್ಚಿನ ಪುಸ್ತಕವಿರಲಿ; ಅದರಲ್ಲಿ ಬೀಡಿ ಸಿಗರೇಟಿಗೆ ಒಂದು ಸಾಲು, ಸೀಸೆಗೆ ಒಂದು ಸಾಲು, ಹಾಲಿಗೆ ಒಂದು ಸಾಲು, ಮಕ್ಕಳ ಓದಿಗೆ ಒಂದು ಸಾಲು ಇರಲಿ. ಬೆಲೆ ಏರಿದ ತಿಂಗಳು ಆ ನಾಲ್ಕು ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಏರಿತು, ಯಾವುದು ಇಳಿಯಿತೆಂದು ಗಂಡನಿಗೂ ಹೆಂಡತಿಗೂ ಒಟ್ಟಿಗೆ ಕಾಣುತ್ತದೆ. ಕಂಡಮೇಲೆ ಜಗಳವಾಡುವ ಬದಲು ಮಾತನಾಡಬಹುದು. ಬಿಡಬೇಕೆಂದು ಮನಸ್ಸು ಮಾಡಿದವರಿಗೆ 1800 11 2356 ಎಂಬ ರಾಷ್ಟ್ರೀಯ ದೂರವಾಣಿ ಇದೆ. ಕರೆಗೆ ಖರ್ಚಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಪರಊರಿನಲ್ಲಿ ಕನ್ನಡ ಉಪಯೋಗಕ್ಕೆ ಬರುವುದು ಹಾಡಿಗಷ್ಟೇ ಅಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ.

ನಾಸಿಕ ರೋಡಿನಲ್ಲಿ ದೇಶದ ನೋಟುಗಳು ಅಚ್ಚಾಗುತ್ತವೆ. ಅಚ್ಚಾದ ನೋಟು ಎಲ್ಲಿಗೆ ಹೋಗಬೇಕೆಂಬುದನ್ನು ಮುದ್ರಣಾಲಯ ಹೇಳುವುದಿಲ್ಲ. ಅದನ್ನು ಹೇಳುವವರು ದುಡಿದು ತಂದವರು. ನಾಡು ಬಿಟ್ಟು ಇಷ್ಟು ದೂರ ಬಂದು ನಾವು ದುಡಿಯುವುದು ಮಕ್ಕಳ ಬಾಳು ನಮ್ಮದಕ್ಕಿಂತ ಒಂದು ಮೆಟ್ಟಿಲು ಮೇಲಿರಲೆಂದು. ಆ ನೋಟು ಹೊಗೆಯಾಗಿಯೂ ಹೋಗದೆ, ಸೀಸೆಯಾಗಿಯೂ ಹೋಗದೆ, ಮನೆಯನ್ನು ಸೇರಲಿ ಎಂದು ಹಾರೈಸುತ್ತೇವೆ.